ವಾಯಿದೆ ಚೀಟಿ

ಗುತ್ತಲು ರಸ್ತೆಯ ನನ್ನ ಬಾಡಿಗೆ ಪುಸ್ತಕದಂಗಡಿಯಲ್ಲಿ
'ಮೂರನೆಯ ತೂಬು' ಇರುವುದು ಒಂದೇ ಪ್ರತಿ.
ದಿನಕ್ಕೆ ಎರಡು ರೂಪಾಯಿ.
ರಟ್ಟು ಕಿತ್ತಿತ್ತು, ಮೈದಾ ಅಂಟು ಹಾಕಿ
ಸಿಮೆಂಟು ಚೀಲದ ಕಾಗದ ಹೊದಿಸಿದ್ದೇನೆ.

ಕತೆ ಇಷ್ಟು: ಹದಿಮೂರು ತುಂಬಿದ ಹುಡುಗನ ದನಿ ಒಡೆಯುತ್ತದೆ.
ಒಡೆದದ್ದು ಅವನ ಜೊತೆ ಮನೆಗೆ ಬರುತ್ತದೆ,
ಹಳೆಯದು ನಾಲೆಯ ತೂಬಿನೊಳಗೆ ಉಳಿದು
ರಾತ್ರಿ 'ಅವ್ವಾ' ಎಂದು ಕೂಗುತ್ತದೆ.
ಅವ್ವ ಎದ್ದು ಹೋಗುತ್ತಾಳೆ.
ಮುಂದಿನದು ಹೇಳಿದರೆ ಬಾಡಿಗೆ ಹುಟ್ಟುವುದಿಲ್ಲ.

ಮೂವತ್ತು ವರ್ಷ ಕಬ್ಬಿನ ಗಾಡಿ ತೂಗಿದ ಚಿಕ್ಕಬೋರಯ್ಯ
ಪುಸ್ತಕವನ್ನು ಮೇಜಿಗೆ ಕುಕ್ಕಿದರು:
'ದೆವ್ವ ಗಿವ್ವ ಇರ್ಲಿ ಕನಪ್ಪ, ನಂಬ್ದೆ.
ಕಟ್ಟು ನೀರು ನಡೆಯೋ ಮಾರ್ಚಿ ತಿಂಗಳಲ್ಲಿ
ನಾಲೇಲಿ ಎದೆಮಟ್ಟ ನೀರು ಅಂತ ಬರ್ದವ್ನಲ್ಲ,
ಅದ್ಯಾವ ನೀರ್ಗಂಟಿ ಬಿಟ್ನಪ್ಪ?'
ಆಮೇಲೆ ಕನ್ನಡಕ ಒರೆಸುತ್ತ, ತಗ್ಗಿದ ದನಿಯಲ್ಲಿ,
'ಆ ತೂಬು ಮಾತ್ರ ನಾನು ಕಂಡಿರೋದೇಯ.'

ಕಾಲೇಜಿನ ಸುಗುಣಾ ಮೇಡಂ ಪೆನ್ಸಿಲಿನಲ್ಲಿ ಗೆರೆ ಎಳೆದು ತಂದರು.
ನಡುವಿನ ನಲವತ್ತು ಪುಟ ದಂಡವಂತೆ,
ಹುಡುಗ ಬೆಳೆದ, ಭಾಷೆ ಬೆಳೆಯಲಿಲ್ಲವಂತೆ.
'ಇನ್ನೂರ ಎಂಟು ಪುಟ. ಆ ಹೆಂಗಸು ನೀರಿಗಿಳಿಯುವವರೆಗೂ
ಒಂದು ಕಡೆಯೂ ಅವಳ ಹೆಸರಿಲ್ಲ, ನೋಡಿದಿರಾ?'
ನಾನು ನೋಡಿರಲಿಲ್ಲ.

ನರ್ಸ್ ಶಾಹೀನ್ ತೊಂಬತ್ತಾರನೆಯ ಪುಟಕ್ಕೇ ನಿಲ್ಲಿಸಿದ್ದಳು.
ರಾತ್ರಿ ಪಾಳಿ, ಮಕ್ಕಳ ವಾರ್ಡು.
ಪುಸ್ತಕವನ್ನು ಸಲೈನ್ ಬಾಟಲಿಯ ಪೆಟ್ಟಿಗೆಯೊಳಗಿಟ್ಟು
ಮೇಲೆ ಟವಲು ಮುಚ್ಚಿದಳಂತೆ.
'ಹೆದರಿಕೆಗಲ್ಲ ಅಣ್ಣ. ಏಳನೇ ಮಂಚದ ಹುಡುಗ
ನಿದ್ದೇಲಿ ಅವ್ವಾ ಅಂದ.
ನಾನು ಆಗಲೇ ಎದ್ದು ಬಾಗಿಲ ಹತ್ರ ಇದ್ದೆ.'
ಮೂರು ದಿನದ ಆರು ರೂಪಾಯಿ, ಎಲ್ಲ ಚಿಲ್ಲರೆ.

ಇನ್ನೊಬ್ಬರು, ಹೆಸರು ಬೇಡ,
ಚೆನ್ನಾಗಿದೆ ಚೆನ್ನಾಗಿದೆ ಅಂದು ಹೋದ ಮೇಲೆ ನೋಡಿದರೆ
ಕೊನೆಯ ಹಾಳೆ ಇಲ್ಲ.
ಹರಿದದ್ದೂ ಒಂದು ಅಭಿಪ್ರಾಯವೇ.

ನೆನಪಿದ್ದಷ್ಟು ನಾನೇ ಬರೆದು ಅಂಟಿಸಿದೆ.
ನೆನಪಿತ್ತು, ಪೂರ್ತಿ ನೆನಪಿತ್ತು:
ಅವ್ವ ತೂಬಿನ ದನಿಯನ್ನು ಮಡಿಲಿಗೆ ಹಾಕಿಕೊಂಡು
ಏರಿಯ ಮೇಲೆ ನಿಂತವನನ್ನು ಕೇಳುತ್ತಾಳೆ,
ಯಾರಪ್ಪ ನೀನು?
ನಾನು ಬರೆದದ್ದು ಬೇರೆ. ಅವಳು ತಿರುಗಿ ನೋಡುತ್ತಾಳೆ,
ಗುರುತು ಹಿಡಿಯುತ್ತಾಳೆ, ಒದ್ದೆ ಸೀರೆಯಲ್ಲೇ
ಅವನನ್ನು ಮನೆಗೆ ಕರೆತರುತ್ತಾಳೆ.
ಆಮೇಲೆ ಹನ್ನೊಂದು ಜನ ಓದಿದರು.
ಒಬ್ಬರೂ ಏನೂ ಅನ್ನಲಿಲ್ಲ.

ಹನ್ನೆರಡನೆಯವನು ಲಿಖಿತ್, ಎಂಟನೇ ಕ್ಲಾಸು,
ಮೂರು ಸಲ ವಾಯಿದೆ ಮುಂದಕ್ಕೆ ಹಾಕಿಸಿಕೊಂಡ.
ಹೇಗಿತ್ತೋ ಅಂದರೆ ಗಂಟಲು ಸರಿಮಾಡಿಕೊಂಡು,
'ಸೂಪರ್ ಅಂಕಲ್. ಕೊನೇ ಪುಟ ಸುಳ್ಳು.'
ಮೊದಲ ಮಾತು ಮೇಲೆ ಹಾರಿತು, ಎರಡನೆಯದು ಕೆಳಗೆ ಬಿತ್ತು.
'ಅಕ್ಷರ ಬೇರೆ ಅಂತಲ್ಲ.
ಅವಳು ತಿರುಗಿ ನೋಡಲ್ಲ.'

ನಮ್ಮ ಮನೆಯಲ್ಲಿ ಒಂದು ಕ್ಯಾಸೆಟ್ ಇತ್ತು.
ಐದನೇ ಕ್ಲಾಸಿನ ವಾರ್ಷಿಕೋತ್ಸವ, ಪ್ರಾರ್ಥನೆ ನನ್ನದು.
ಟೇಪು ಸಿಕ್ಕಿಕೊಂಡಾಗ ಪೆನ್ಸಿಲಿನಲ್ಲಿ ಸುತ್ತಿ ಸುತ್ತಿ
ಅಮ್ಮ ಮತ್ತೆ ಹಾಕುತ್ತಿದ್ದಳು, ಕಣ್ಣು ಮುಚ್ಚಿ ಕೇಳುತ್ತಿದ್ದಳು.
ಅಡುಗೆಮನೆ ಹೊಸ್ತಿಲಲ್ಲಿ ನಾನು, ಮೀಸೆ ಮೊಳೆತವನು,
ಊಟಕ್ಕೆ ಬಡಿಸು ಅಂದರೆ
ಶ್‌, ಇರು, ಅನ್ನುತ್ತಿದ್ದಳು.

ಇದನ್ನೆಲ್ಲ ಹುಡುಗನಿಗೆ ಹೇಳುತ್ತಾರೆಯೆ?
'ಇನ್ನೊಂದು ವಾರ ಇಟ್ಕೊಳ್ಲಾ?' ಅಂದ.
ಚೀಟಿಯಲ್ಲಿ ಜಾಗ ಮುಗಿದಿತ್ತು,
ಹೊಸದು ಅಂಟಿಸಿ ತಾರೀಖು ಒತ್ತಿದೆ.

ಹೊರಗೆ ಸ್ಕೂಟರಿನ ಮೇಲಿಂದಲೇ ಅವನ ತಾಯಿ
ಲಿಖೀ ಎಂದು ಕೂಗಿದರು.
'ಬಂದೆ' ಅಂದ.
ಅವರು ಅವನನ್ನು ದಾಟಿ ಅಂಗಡಿಯ ಒಳಗೆ,
ನನ್ನ ಬೆನ್ನ ಹಿಂದಿನ ಕಪಾಟಿನವರೆಗೂ,
ಓಗೊಟ್ಟವರು ಯಾರೆಂದು ಹುಡುಕುತ್ತಿದ್ದರು.