ಮ್ಯಾಲಿನ ಖೋಲಿಯವರು

ಕೇಶ್ವಾಪುರದ ನಮ್ಮ ಮನಿ ಮ್ಯಾಲಿನ ಎರಡು ಖೋಲಿಗೆ
ಬಾಡಿಗಿ ಕೇಳಾಕ ಬಂದವರು ಮೂರು ಮಂದಿ:
ಚೌಕಟ್ಟಿಗೆ ಹಣಿ ಬಡಕೊಂಡ ಡಾರೆಲ್,
ಬಡದದ್ದಕ್ಕ ಚೌಕಟ್ಟಿಗೇ ತಲಿಬಾಗಿ ಕ್ಷಮಾ ಕೇಳಿದ ಚಿಜುರು,
ಮತ್ತ ಯಾರನ್ನೂ ಕೇಳದ ಒಳಗ ಬಂದು
ನನ್ನ ಚಪ್ಪಲಿ ಮ್ಯಾಲ ಗದ್ದ ಇಟ್ಟು ಮಲಗಿದ ನಾಯಿ.

ಅವ ನೆಬ್ರಾಸ್ಕಾದಾಂವ. ಅದೆಲ್ಲೈತಿ ಅಂದ್ರ
"ನಿಮ್ಮ ಅಣ್ಣಿಗೇರಿ ಇದ್ದಂಗ, ಸಪಾಟು" ಅಂತಾನ.
ಆಕಿ ಯಾಮಾಗಾತಾದಾಕಿ. ಬಂದದ್ದು ಕುಸುಬಿ ಸಲುವಾಗಿ.
ನಾವು ಗಾಣಕ್ಕ ಹಾಕಿ ಎಣ್ಣಿ ತಗಿಯೂ ಕುಸುಬಿ,
ದನ ಹಾಯಬಾರದಂತ ಬದುವಿಗೆ ಬಿತ್ತೂ ಮುಳ್ಳಿನ ಕುಸುಬಿ.
ಅದರ ಹೂವಿನೊಳಗ ಕೆಂಪು ಅಡಗೇತಂತ.

ನಮ್ಮ ಕಾಶವ್ವ ಹೆಸರು ತಿದ್ದಿ ಆಕಿನ್ನ ಚಿಗುರವ್ವ ಮಾಡಿದಳು.
ನಾಯಿ ಹೆಸರು ಗೋಮಾ. ಅವರ ಭಾಷಾದಾಗ ಎಳ್ಳು.
ಓಣಿ ಹುಡುಗರು "ಎಳ್ಳೂ" ಅಂತ ಒದರಿದ್ರೂ ಬರತೈತಿ.

ನಸುಕಿನ್ಯಾಗ ಅವ ಮುಂದ, ನಾಯಿ ನಡುವ, ಆಕಿ ಹಿಂದ,
ಕೈಯಾಗೊಂದು ಪ್ಲಾಸ್ಟಿಕ್ ಚೀಲ.
ನಾಯಿ ಮಾಡಿದ್ದನ್ನ ಬಗ್ಗಿ ಎತ್ತಿಕೊಳ್ಳೂದು ನೋಡಿ
ಹಾಲಿನ ಮಡಿವಾಳಯ್ಯ ಎಮ್ಮಿ ಹಿಂಡೂದು ಬಿಟ್ಟು ಕೇಳಿದ,
"ಅದನ್ನೇನ್ ಮಾಡ್ತಾರ್ರೀ?"
ನಾ ಏನ್ ಹೇಳ್ಲಿ.

ಅಡಿಗಿ ಅವಂದು, ಲೆಕ್ಕ ಆಕೀದು.
ಜಗಳಾದ್ರ ಅವ ಇಂಗ್ಲಿಷ್‌ನ್ಯಾಗ, ಆಕಿ ಜಪಾನಿಯೊಳಗ.
ಆವಾಗ ಗೋಮಾ ಇಳದು ಏಳನೇ ಮೆಟ್ಟಲದ ಮ್ಯಾಲ ಕೂಡತೈತಿ.
ಮ್ಯಾಲ ಸುಮ್ಮನಾದ್ರ ಏರತೈತಿ,
ಇಲ್ಲಂದ್ರ ನಮ್ಮ ಅಡಿಗಿಮನಿಗೆ, ಕಟಕ ರೊಟ್ಟಿಗೆ.
ನಾಯಿ ಅಂದ್ರ ಹೌಹಾರತಿದ್ದ ಕಾಶವ್ವ
ಈಗ ಜಗಳಾಗಲಿ ಅಂತ ಕಾಯತಾಳೇನೋ.

ನಾ ಮೂವತ್ತೊಂದು ವರ್ಷ ರೈಲ್ವೆ ಗಾರ್ಡ್.
ನನ್ನ ಡಬ್ಬಿಯೊಳಗಿನ ನಾಯಿ ಪೆಟಗಿ ನನಗ ಗೊತ್ತು:
ತಗಡಿಂದು, ಎರಡು ಮೊಳ, ಜಾಳಿಗಿ ಬಾಗಲಾ.
ಒಮ್ಮೆ ಗುಂತಕಲ್ ತನಕ ಬಂದ ಒಂದು ಕರೇ ನಾಯಿ
ರಾತ್ರಿಯೆಲ್ಲಾ ಬೊಗಳಲಿಲ್ಲ,
ನಾ ಸೀಟಿ ಊದಿದಾಗೊಮ್ಮೆ ಮುಸುಡಿ ಎತ್ತತಿತ್ತು.

"ನಾಯಿ ಟಿಕೀಟು ನಾ ಮಾಡಸ್ತೀನಿ, ರೈಲಿನ್ಯಾಗ ಹೋಗ್ರಿ" ಅಂದೆ.
ಚಿಜುರು ಪೆಟಗಿ ಅಳತಿ ಕೇಳಿದಳು. ಕೈಯಾಗ ತೋರಿಸಿದೆ.
ನನ್ನ ಎರಡು ಕೈ ನಡುವಿನ ಗಾಳಿ ನೋಡಿದಳು,
ನಾಯಿ ನೋಡಿದಳು,
ಬ್ಯಾಡ ಅಂದಳು.

ಅದಕ್ಕ ಉಳ್ಳಾಗಡ್ಡಿ ಇಳಿಸಿ ಖಾಲಿ ಹೊಂಟ ಟಂಟಂನ್ಯಾಗ
ನಾಯಿ ಹಿಡದು ಐದು ಮಂದಿ. ಕಾಶವ್ವನ ಉಡ್ಯಾಗ ಬುತ್ತಿ.
ಗೋಮಾ ಹಿಂದಿನ ಹಲಗಿಗೆ ನಿಂತು
ಬಿಟ್ಟ ಊರು ನೋಡತಿತ್ತು,
ಥೇಟ್ ಗಾರ್ಡನಂಗ.

ಇಬ್ಬನಿ ಆರೂದ್ರೊಳಗ ಹೂ ಬಿಡಸಬೇಕು,
ಆವಾಗ ಮುಳ್ಳು ಮೆತ್ತಗಿರತಾವ.
ಚಿಜುರು ಹೇಳೂಕಿಂತ ಮೊದಲ ಕಾಶವ್ವ ಸಾಲಿನ್ಯಾಗ ಇಳದಿದ್ದಳು:
"ಸಣ್ಣಾಕಿದ್ದಾಗ ಕುಸುಬಿ ಪಲ್ಯೆಕ್ಕ ಹಿಂಗ ಬರತಿದ್ವಿ."
ನಲವತ್ತು ವರ್ಷದಾಗ ನನಗ ಹೇಳಿದ್ದಿಲ್ಲ.
ನಾ ಕೇಳಿದ್ದಿಲ್ಲ.
ಗೋಮಾ ಮೂಗು ಚುಚ್ಚಿಸಿಕೊಂಡು
ಡಾರೆಲ್‌ನ ಬೂಟಿನ ಹಿಂದ ಅಡಗಿತು.

ಮ್ಯಾಲ ಹದಿನೆಂಟು ದಿನ ತೊಳಿಯೂದು, ಹಿಂಡೂದು, ಬಸಿಯೂದು.
ಗಟಾರದಾಗ ಹಳದಿ ನೀರು ಹರದದ್ದು ನೋಡಿ
"ಮದುವಿ ಐತೇನ್ರೀ" ಅಂತ ಓಣಿ ಕೇಳಿತು.
ಉಳದದ್ದು ಒಂದು ಬಿಳಿ ಬಟ್ಟಲದ ಒಳಮೈಗೆ ಬಳದಷ್ಟು.
ಇಳದು ಬಂದು ತೋರಿಸಿದಳು.
ಹಸರು! ಜೀರಂಗಿ ರೆಕ್ಕಿಯ ಹಸರು.
"ಕೆಂಪೆಲ್ಲಿ?" ಅಂದೆ.
ಕಾಶವ್ವನ ಬಟ್ಟು ಹಿಡದು ನೀರಾಗ ಅದ್ದಿ
ಬಟ್ಟಲಕ್ಕ ಮುಟ್ಟಿಸಿದಳು.

ಹಸರು ನಿಶಾನಿ ಒಂದು ಕೈಯಾಗ, ಕೆಂಪು ಒಂದು ಕೈಯಾಗ,
ಒಂದಕ್ಕೊಂದು ತಗಲದಂಗ ಹಿಡದು ಪಿಂಚಣಿ ತಗೊಂಡಾಂವ ನಾ.
ಬಟ್ಟಿನ ತುದಿಗೆ ಬಂದದ್ದು ಕೆಂಪು.

ಹಣಿಗೋ ತುಟಿಗೋ ತಿಳಿಲಾರದ ಕಾಶವ್ವ ನಿಂತಳು.
ಚಿಗುರವ್ವ ತನ್ನ ತುಟಿ ತೋರಿಸಿದಳು.
ಕಾಶವ್ವ ನನ್ನ ಕಡೆ ತಿರುಗಿ,
"ನೀವೊಂದೀಟು ಹೊರಗ ಹೋಗ್ರಿ."

ಹೋದೆ. ಕಟ್ಟಿ ಮ್ಯಾಲ ಡಾರೆಲ್ ಬಳ್ಳೊಳ್ಳಿ ಸುಲಿಯಾಕತ್ತಿದ್ದ.
ಸರದು ಜಾಗಾ ಕೊಟ್ಟ, ನಾಕು ಎಸಳೂ ಕೊಟ್ಟ.
ಒಳಗ ಇಬ್ಬರ ನಗಿ.
ಏಳನೇ ಮೆಟ್ಟಲದಿಂದ ಗೋಮಾ ಕಿವಿ ನಿಗರಿಸಿ ಕೇಳತಿತ್ತು,
ಇದು ಯಾವ ಭಾಷಾ ಅಂತ.
ಅತ್ತ ಗದಗ ಪ್ಯಾಸೆಂಜರು ಸೀಟಿ ಹಾಕಿತು,
ಹನ್ನೊಂದು ನಿಮಿಷ ತಡಾ.