ಬೂಚು

ನಮ್ಮೂರು ಕಲಂಜಾನುಸ್. ಸಾರ್ಡೀನಿಯಾದ ಈ ಮೂಲೆಯಲ್ಲಿ
ಬೂಚಿನ ಮರ ಬಿಟ್ಟರೆ ಬಂಡೆ, ಗಾಳಿ, ಮತ್ತೆ ಬೂಚಿನ ಮರ.
ಒಂಬತ್ತು ಹತ್ತು ವರ್ಷಕ್ಕೊಮ್ಮೆ ತೊಗಟೆ ಸುಲಿದು
ಕೆಂಪು ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಬರೆಯುತ್ತಾರೆ,
ಸುಲಿದ ವರ್ಷದ ಕೊನೆಯ ಅಂಕಿ.
ತಮ್ಮನ ಬೆನ್ನಿನ ಮೇಲೆ ಐದು ಕಂಡ ದಿನ
ಅಪ್ಪ ಟೀವಿಯ ಹತ್ತಿರ ಹೋಗಿ ಕೇಳಿದ:
"ಹಾಗಾದರೆ ಇವನನ್ನು ಮತ್ತೆ ಸುಲಿಯೋದು ಯಾವಾಗ?"

ಅಪ್ಪನ ಕೈಯಲ್ಲಿ ಕೊಡಲಿ ಪಿಸುಗುಡುತ್ತಿತ್ತು.
ಒಳತೊಗಟೆಗೆ ನಮ್ಮಲ್ಲಿ ತಾಯಿ ಅನ್ನುತ್ತಾರೆ.
ಹೊರಗಿನದಷ್ಟೇ ಬಿಡಿಸಿಕೊಂಡು ಬರಬೇಕು, ತಾಯಿಗೆ ತಾಗಬಾರದು,
ತಾಗಿದರೆ ಮರ ಅಲ್ಲಿ ಗಂಟು ಕಟ್ಟುತ್ತದೆ, ಮರೆಯುವುದಿಲ್ಲ.
ಗವಿನೋ ಕಲಿತದ್ದು ಅದನ್ನೇ, ಯಾವ ಕೋಚಿನಿಂದಲೂ ಅಲ್ಲ:
ಓಡುವ ಕಾಲುಗಳ ನಡುವಿನಿಂದ
ಚೆಂಡನ್ನಷ್ಟೇ ಸುಲಿದು ತರುವುದು.
ಹದಿನೇಳು ವರ್ಷದಲ್ಲಿ ಎರಡು ಸಲ ತಾಯಿಗೆ ತಾಗಿತು.
ಒಬ್ಬನ ಹೆಸರು ಈಗಲೂ ನಿದ್ದೆಯಲ್ಲಿ ಕೂಗುತ್ತಾನೆ.
ಇನ್ನೊಬ್ಬ ಪ್ರತಿ ಕ್ರಿಸ್‌ಮಸ್ಸಿಗೆ ಕಾರ್ಡು ಹಾಕುತ್ತಾನೆ.

ಹದಿನೈದಕ್ಕೆ ಒಲ್ಬಿಯಾದಿಂದ ರಾತ್ರಿ ಹಡಗು.
ಅಮ್ಮ ಕಟ್ಟಿಕೊಟ್ಟ ಕುರಿಹಾಲಿನ ಚೀಸಿಗೆ
ಲಿವೊರ್ನೋ ಹಾಸ್ಟೆಲಿನ ಹುಡುಗರು ಮೊದಲು ಮೂಗು ಮುಚ್ಚಿಕೊಂಡರು,
ದೀಪ ಆರಿದ ಮೇಲೆ ಕದ್ದು ತಿಂದರು.
ಆಮೇಲೆ ಪಿಸ್ತೋಯಾ, ಲೆಕ್ಕೊ, ರೊವಿಗೊ,
ರೈಲು ಎರಡೇ ನಿಮಿಷ ನಿಲ್ಲುವ ಊರುಗಳು.
ಜನವರಿಯ ಮಂಜಿನಲ್ಲಿ ಆಚೆಯ ಗೋಲು ಕಾಣದೆ
ಕೂಗು ಕೇಳಿ ಲೆಕ್ಕ ಹಾಕಬೇಕಿತ್ತಂತೆ, ಯಾರು ಹೊಡೆದರೆಂದು.
ಒಂದು ಕ್ಲಬ್ಬು ದಿವಾಳಿಯೆದ್ದು ಸಂಬಳದ ಬದಲಿಗೆ
ಬಟ್ಟೆ ಒಗೆಯುವ ಮಷೀನು ಕೊಟ್ಟಿತು.
ಅದಿನ್ನೂ ನನ್ನ ಮನೆಯಲ್ಲಿ ತಿರುಗುತ್ತಿದೆ, ಸ್ವಲ್ಪ ಕುಂಟುತ್ತಾ.

ಅವನ ಜಾಗಕ್ಕೆ ಹೆಸರು ಸ್ಟಾಪರ್.
ಫ್ಯಾಕ್ಟರಿಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕೆವು:
ಬೂಚಿನೂರಿನ ಹುಡುಗ, ಇನ್ನೇನಾಗುತ್ತಾನೆ!
ತೊಂಬತ್ತು ನಿಮಿಷ ಒಬ್ಬನ ಬೆನ್ನಿಗೆ ಬಿದ್ದು
ಅವನು ತಿರುಗಿದತ್ತ ತಿರುಗಿ, ನಿಂತಲ್ಲಿ ನಿಂತು,
ಅವನ ಉಸಿರಿನ ಬೆಳ್ಳುಳ್ಳಿ, ಅವನ ಕುತ್ತಿಗೆಯ ಮಚ್ಚೆ,
ರೆಫರಿಗೆ ಕೇಳದಂತೆ ಅವನು ಬೈಯುವ ಬೈಗುಳ,
ಎಲ್ಲ ಬಾಯಿಪಾಠ.
ಕಟ್ಟಿಕೊಂಡವಳನ್ನೂ ಇಷ್ಟು ಗಮನಿಸಲಿಲ್ಲ,
ಅಂತ ಅವಳೇ ಹೇಳಿದಳು, ಬಿಟ್ಟುಹೋಗುವಾಗ.

ನಾನು ಇಪ್ಪತ್ತೆಂಟು ವರ್ಷ ಬೆಲ್ಟಿನ ಮುಂದೆ ಕೂತು ಬೂಚು ಆರಿಸಿದವಳು.
ಬಿರುಕು, ಹುಳದ ತೂತು, ಹಸಿರು ಕಲೆ,
ಕೆಟ್ಟದ್ದನ್ನು ಕಣ್ಣು ತಾನಾಗಿ ಹಿಡಿಯುತ್ತದೆ.
ಒಳ್ಳೆಯದು ಸುಮ್ಮನೆ ಮುಂದೆ ಹೋಗುತ್ತದೆ.
ಅವನು ಚೆನ್ನಾಗಿ ಆಡಿದ ಸೋಮವಾರಗಳಲ್ಲಿ
ಪೇಪರಿನಲ್ಲಿ ಹೆಸರಿರುತ್ತಿರಲಿಲ್ಲ.
ನಾನು ಕತ್ತರಿಸಿಟ್ಟ ಪಟಗಳಲ್ಲಿ ಅವನು
ಬೇರೆಯವನ ಸಂಭ್ರಮದ ಅಂಚಿನಲ್ಲೊಂದು ಮೊಣಕೈ,
ಹುಲ್ಲಿನ ಮೇಲೊಂದು ನೆರಳು, ಅರ್ಧ ಕಿವಿ.

ದೊಡ್ಡ ಲೀಗಿನಲ್ಲಿ ಒಂದೇ ಒಂದು ಚಳಿಗಾಲ. ಹನ್ನೊಂದು ಪಂದ್ಯ.
ಹನ್ನೊಂದನೆಯದರಲ್ಲಿ ಚೆಂಡು ಅವನ ಮಂಡಿಗೆ ತಾಗಿ
ತನ್ನದೇ ಬಲೆಯೊಳಗೆ ಹೋಯಿತು.
ಆ ಪಟದಲ್ಲಿ ಪೂರ್ತಿ ಇದ್ದಾನೆ.
ಅಮ್ಮ ಅದಕ್ಕೇ ಕಟ್ಟು ಹಾಕಿಸಿ ಅಡಿಗೆಮನೆಯಲ್ಲಿ ತೂಗುಹಾಕಿದಳು.
ಮುಖ ಚೆನ್ನಾಗಿ ಬಂದಿದೆ, ಅಂದಳು.

ಮೂವತ್ತನಾಲ್ಕಕ್ಕೆ, ಮಂಡಿಯನ್ನು ಮೂರನೇ ಸಲ ಕೊಯ್ಸಿಕೊಂಡ ಮೇಲೆ,
ರೊವಿಗೊದ ಹೋಟೆಲೊಂದರಲ್ಲಿ ಬೀಳ್ಕೊಡುಗೆ. ನಾನೂ ಹೋಗಿದ್ದೆ.
ಅಧ್ಯಕ್ಷರು ಮುರೆದ್ದು ಅನ್ನುವ ನಮ್ಮ ಮನೆಹೆಸರನ್ನು
ಮೂರು ಬಗೆಯಲ್ಲಿ ಅಂದರು, ಮೂರೂ ತಪ್ಪು.
ಬಾಟಲಿ ಸಿಡಿಯಿತು. ಎಲ್ಲರ ಕಣ್ಣು ನೊರೆಯ ಮೇಲೆ.
ಇವನು ಮಾತ್ರ ಆ ಕೆಟ್ಟ ಕಾಲನ್ನು ಪಕ್ಕಕ್ಕೆ ಚಾಚಿ
ಮೇಜಿನ ಕೆಳಗೆ ಏನೋ ತಡಕಾಡುತ್ತಿದ್ದ.

ವಾಪಸು ಬಸ್ಸಿನಲ್ಲಿ ಜೇಬಿನಿಂದ ತೆಗೆದು ನನ್ನ ಅಂಗೈಯಲ್ಲಿಟ್ಟ.
"ನೋಡಕ್ಕಾ, ನಮ್ಮೂರಿನದಾ?"
ತಿರುಗಿಸಿ ನೋಡಿದೆ. ಪುಡಿ ಅಂಟಿಸಿ ಮಾಡಿದ್ದು,
ಮೂರನೇ ದರ್ಜೆ, ಎಲ್ಲಿಯದೋ ಏನೋ.
ಹೂಂ, ಅಂದೆ, ನಮ್ಮದೇ.