ಎರಡು ಒಳ್ಳೆಯ ಹಲ್ಲುಗಳು

ನನ್ನ ಮೇಜಿನ ಮೂರನೇ ಖಾನೆಯಲ್ಲಿ, ಗಾಜಿನ ಶೀಶೆಯಲ್ಲಿ
ನಾತೆಲಾಳ ಎರಡು ದವಡೆ ಹಲ್ಲುಗಳಿವೆ.
ಹುಳುಕಿಲ್ಲ, ಬಿರುಕಿಲ್ಲ. ಬೇರು ನೋಡಿದರೆ
ಹದಿನೆಂಟರ ಹುಡುಗಿಯವು ಎನ್ನಬೇಕು.
ಕಿತ್ತವನು ನಾನೇ.

ಕುತಾಯಿಸಿಯಲ್ಲಿ ಆಕೆಯ ರೊಟ್ಟಿ ತಿನ್ನದವರಿಲ್ಲ.
ಬಾವಿಯಂಥ ಮಣ್ಣೊಲೆಯೊಳಗೆ ಸೊಂಟದ ತನಕ ಬಗ್ಗಿ
ಬಿಸಿ ಗೋಡೆಗೆ ಹಿಟ್ಟು ಬಡಿಯುವಳು,
ಮೂವತ್ತು ವರ್ಷದಿಂದ.
ಕುರ್ಚಿಯಲ್ಲಿ ಕೂತು ಎಡಗೆನ್ನೆ ತೋರಿಸಿದಳು:
ಇಲ್ಲಿ, ಡಾಕ್ಟ್ರೇ. ಕಾದ ಸಲಾಕೆ ಎಳೆದ ಹಾಗೆ. ಇಪ್ಪತ್ತು ಎಣಿಸುವಷ್ಟು ಹೊತ್ತು.
ಆಮೇಲೆ ಏನೂ ಇಲ್ಲ, ಯಾರೋ ದೀಪ ಆರಿಸಿ ಹೋದ ಹಾಗೆ.

ಒಂದು ಕಿತ್ತೆ. ನೋವು ಮರಳಿ ಬಂತು.
ಪಕ್ಕದ್ದನ್ನೂ ಕಿತ್ತೆ. ಖಾಲಿಯಾದ ಜಾಗದಲ್ಲೇ ಬಂದು ಕೂತಿತು.
ನೆರೆಯವರು ಒಲೆಯ ಝಳ ಅಂದರು,
ಔಷಧಿ ಅಂಗಡಿಯ ಲಾಮಾರಾ ಅರೆತಲೆನೋವು ಅಂದಳು,
ಆಸ್ಪತ್ರೆಯವರು ಮುಖದ ನರ ಎಂದು ಗುಳಿಗೆ ಬರೆದರು.
ನೋವು ಅರ್ಧ ಕೇಳಿತು.
ಅರ್ಧ ಕೇಳಿದ್ದೇ ಅವರಿಗೆ ಸಾಕ್ಷಿಯಾಯಿತು.

ಕಂಡದ್ದು ಹಿಟ್ಟು ನಾದುವ ಹುಡುಗ ಬೆಸಿಕಿ.
ನೋವು ಬಂದಾಗ ಆಕೆಯ ಎಡಗೈ ಹೆಬ್ಬೆರಳು
ದುಡ್ಡು ಎಣಿಸುತ್ತದೆ, ಅಂದ. ಯಾರ ದುಡ್ಡೋ.
ಹೆಸರು ಹಿಡಿದು ಕೂಗಿದರೆ ನನ್ನನ್ನೇ ನೋಡುತ್ತಾಳೆ,
ನಾನು ಅಲ್ಲಿ ಇರುವುದಿಲ್ಲ.
ನಿನ್ನೆ ಕೊಕ್ಕೆಯ ರೊಟ್ಟಿ ಕೆಂಡಕ್ಕೆ ಬಿತ್ತು.
ಕಮಟು ವಾಸನೆ ಎದ್ದ ಮೇಲೆ ಕೇಳಿದಳು:
ಯಾರೋ ಬೀಳಿಸಿದ್ದು?

ಕೆನ್ನೆಯ ನರ ಹೆಬ್ಬೆರಳಿಗೆ ಹೋಗುವುದಿಲ್ಲ.
ಇದನ್ನು ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು.

ಟಿಬಿಲಿಸಿಯಲ್ಲಿ ತಲೆಗೆ ತಂತಿ ಅಂಟಿಸಿದರು.
ಗೋಂದು ಕೂದಲಲ್ಲಿ ಹಿಟ್ಟಿನಂತೆ ಒಣಗಿತೆಂದು ನಕ್ಕಳು.
ಗೆರೆಗಳು ಬೇಸಿಗೆಯ ರಿಯೋನಿ ಹೊಳೆಯಂತೆ ಹರಿಯುತ್ತಿದ್ದವು;
ಕೆನ್ನೆ ಹಿಡಿದುಕೊಂಡಳು, ಹೊಳೆ ಕೆರಳಿತು.
ಬಲಮೆದುಳಿನಲ್ಲಿ ಬೇಳೆಯಷ್ಟು ಹಳೆಯ ಕಲೆ.
ಮೂರ್ಛೆರೋಗ, ಅಂದರು.
ನಾನು ಬಿದ್ದೇ ಇಲ್ಲವಲ್ಲ, ಬಾಯಲ್ಲಿ ನೊರೆ ಬಂದಿಲ್ಲವಲ್ಲ!
ಬೀಳಿಸದ ಮೂರ್ಛೆಯೂ ಉಂಟು ತಾಯಿ,
ಬರೀ ನೋಯಿಸಿ ಹೋಗುವಂಥದು.
ಗುಳಿಗೆ ಅದೇ ಹಳೆಯದು. ಪ್ರಮಾಣ ಹೆಚ್ಚು, ಹೆಸರು ಬೇರೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.
ಬರೆಯಾದರೂ ಮಾಯುತ್ತದೆ,
ಹಲ್ಲು ಮತ್ತೆ ಹುಟ್ಟುವುದಿಲ್ಲ.

ಶನಿವಾರ ಬಿಸಿರೊಟ್ಟಿ ತರುತ್ತಾಳೆ, ಬಲಗಡೆಯಿಂದಲೇ ಅಗಿಯುತ್ತ.
ಶೀಶೆಯ ವಿಷಯ ನಾನು ಹೇಳಿಲ್ಲ.
ಚಿಲ್ಲರೆ ಕೊಟ್ಟರೆ ಎಡಗೈಯಲ್ಲಿಟ್ಟು
ಹೆಬ್ಬೆರಳಿನಿಂದ ಒಂದೊಂದೇ ಸರಿಸುತ್ತಾಳೆ.
ನಾನು ಉಸಿರು ಬಿಗಿಹಿಡಿದು ನೋಡುತ್ತೇನೆ,
ನಾತೆಲಾ, ಅನ್ನುತ್ತೇನೆ.

ಇರಿ ಡಾಕ್ಟ್ರೇ, ಅನ್ನುತ್ತಾಳೆ,
ಲೆಕ್ಕ ತಪ್ಪಿಸಬೇಡಿ.